ಕಾಜವಿಲ್ಲದ ಗುಂಡಿಗಳು

ರಾತ್ರಿಯೂಟ ಮುಗಿಸಿ ತಟ್ಟೆ ತೊಳೆಯುತ್ತಿದ್ದಾಗ ಬಾಗಿಲನ್ನು ಯಾರೋ ಒಂದೇ ಒಂದು ಸಲ ತಟ್ಟಿದರು. ತೆರೆದರೆ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಹೊಸ್ತಿಲಾಚೆ ಹಳೆಯ ಬಟ್ಟೆಯ ಗಂಟೊಂದು ಕುಳಿತಿತ್ತು.

"ಕಳ್ಳನಾದ್ರೆ ಗಂಟು ತಗೊಂಡು ಹೋಗ್ತಿದ್ದ, ಇಟ್ಟು ಹೋಗ್ತಿರ್ಲಿಲ್ಲ," ಎಂದಳು ನನ್ನ ಜೊತೆ ಕೋಣೆ ಹಂಚಿಕೊಂಡಿದ್ದ ಗೆಳತಿ. ಬಾಯಿಗೆ ಬಿಡುವಿಲ್ಲದ ಅವಳನ್ನು ಕಾಲೇಜಿನಲ್ಲಿ ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು.

ಗಂಟಿನೊಳಗೆ ಬಿಳಿ ಅಂಗಿಯಿತ್ತು. ಶನಿವಾರ ಪದವಿ ಪ್ರದಾನ. ವೇದಿಕೆ ಹತ್ತುವವರಿಗೆ ಬಿಳಿ ಅಂಗಿ ಕಡ್ಡಾಯ. ಅಂಗಿಯಿಲ್ಲವೆಂದು ನೆಪ ಹೇಳಿ, ಹೋಗುವುದಿಲ್ಲವೆಂದು ಹಟ ಹಿಡಿದಿದ್ದೆ. ಹೆಸರು ಕರೆದಾಗ ತಲೆಯೆತ್ತಿ ನೋಡಲು ಆ ಸಭಾಂಗಣದಲ್ಲಿ ನನ್ನವರೆಂಬವರು ಯಾರೂ ಇರುವುದಿಲ್ಲವೆಂಬುದೇ ನಿಜವಾದ ಕಾರಣ. ಪದವಿಯೊಡನೆ ವಿದ್ಯಾರ್ಥಿವೇತನ ಮುಗಿಯುತ್ತದೆ, ಅದರ ಬೆನ್ನಿಗೇ ಈ ಬಾಡಿಗೆ ಕೋಣೆಯೂ. ಕೆಲಸಕ್ಕೆ ಹಾಕಿದ ಅರ್ಜಿಗಳು ಬಾವಿಗೆಸೆದ ಕಲ್ಲುಗಳು. ಬಿದ್ದ ಸದ್ದೂ ಇಲ್ಲ.

ನಾನು ಹುಟ್ಟಿ ಬೆಳೆದ ಪಂಥದ ಪ್ರಕಾರ ಭೂಮಿ ಕೆಲವೇ ಸಾವಿರ ವರ್ಷಗಳಷ್ಟು ಎಳೆಯದು. ನಾನು ಕಲಿತದ್ದು ಭೂವಿಜ್ಞಾನ. ಕಲ್ಲಿನ ವಯಸ್ಸು ಸುಳ್ಳೆಂದು ಸಭೆಯ ಮುಂದೆ ಒಪ್ಪಿಕೊಳ್ಳಲು ಹೇಳಿದರು. ನನ್ನಿಂದಾಗಲಿಲ್ಲ, ಎದ್ದು ಬಂದೆ. ಪಂಥ ಬಿಟ್ಟುಹೋದವರೊಡನೆ ಮನೆಯವರೂ ಮಾತಾಡುವಂತಿಲ್ಲ, ಅವರ ಕೈಗೆ ಏನನ್ನೂ ಕೊಡುವಂತಿಲ್ಲ. ಆ ತೀರ್ಪನ್ನು ಸಭೆಯ ಹಿರಿಯನಾಗಿ ಓದಿದವನು ಅಪ್ಪನೇ. ಓದುವಾಗ ಅವನ ಧ್ವನಿ ನಡುಗಿರಲಿಲ್ಲ.

ನಂಬಿಕೆ ಬಿಟ್ಟಷ್ಟು ಸುಲಭವಾಗಿ ಮನೆ ನನ್ನನ್ನು ಬಿಡಲಿಲ್ಲ. ಸಂಜೆ, ಕೈಗಂಟಿದ ಮೇಣವನ್ನು ತಿಕ್ಕಿ ತೊಳೆದು ಬಂದು, ಊಟಕ್ಕೆ ಮೊದಲು ಅಪ್ಪ ಕೇಳುತ್ತಿದ್ದ, "ಎಲ್ಲಾ ಬಂದ್ರೇನಮ್ಮಾ?" ಈಗಲೂ ತಟ್ಟೆ ಹಾಕುವಾಗ ಕಿವಿ ಆ ಮಾತಿಗೆ ಕಾಯುತ್ತದೆ.

ಕಳೆದ ವಾರ ತರಕಾರಿ ಅಂಗಡಿಯಲ್ಲಿ ಅಕ್ಕ ಎದುರಾಗಿದ್ದಳು. ಅವಳೊಡನೆ ಮಾತಾಡಿದರೆ ಅವಳಿಗೇ ಕಷ್ಟ. ಹಾಗಾಗಿ ಪದವಿ, ಶನಿವಾರ, ಬಿಳಿ ಅಂಗಿ ಎಲ್ಲವನ್ನೂ ಬದನೆಕಾಯಿ ರಾಶಿಗೆ ವರದಿ ಮಾಡಿದೆ. ಅಕ್ಕ ಅಷ್ಟು ಹೊತ್ತೂ ಒಂದೇ ಬದನೆಕಾಯಿಯನ್ನು ಹೊರಳಿಸಿ ಹೊರಳಿಸಿ ನೋಡಿದಳು.

ಅಂಗಿ ಅಮ್ಮನ ಕೈಕೆಲಸ. ಕಂಕುಳಿನ ಹೊಲಿಗೆ ನೋಡಿದರೆ ಸಾಕು. ಒಳಗೆ ಕಟ್ಟಿಕೊಳ್ಳಲು ಲಾಡಿಗಳು. ನಮ್ಮವರ ಪಾಲಿಗೆ ಗುಂಡಿಯೆಂದರೆ ಡಂಭ, ಪಾಪ. ಚಿಕ್ಕವಳಿದ್ದಾಗ ದಾರಿಯಲ್ಲಿ ಸಿಕ್ಕ ಮಿನುಗುವ ಗುಂಡಿಯೊಂದನ್ನು ಮನೆಗೆ ತಂದಿದ್ದೆ. ಅಪ್ಪ ಅದನ್ನು ಚರಂಡಿಗೆಸೆದಿದ್ದ. ಆದರೆ ಈ ಅಂಗಿಯ ಎದೆಯುದ್ದಕ್ಕೂ ಗುಂಡಿಗಳಿದ್ದವು. ಗುಂಡಿ ತೂರಿಸುವ ಕಾಜ ಮಾತ್ರ ಒಂದೂ ಇರಲಿಲ್ಲ.

ರೇಡಿಯೋ ನಕ್ಕಳು. "ಇದನ್ನ ಹೊಲಿದವ್ರು ಗುಂಡಿ ನೋಡಿದಾರೆ ಕಣೇ, ಹಾಕ್ಕೊಂಡಿಲ್ಲ."

ನನಗೆ ನಗು ಬರಲಿಲ್ಲ. ನಾಲ್ಕು ಜನರ ನಡುವೆ ನಾನು ಬೇರೆಯಾಗಿ ಕಾಣದಿರಲೆಂದು ಯಾರೋ ಹೊರಗೆ ಗುಂಡಿ ಇಟ್ಟಿದ್ದರು. ಒಳಗಿನ ಲಾಡಿ ತೆಗೆಯಲು ಅವರಿಗೆ ಮನಸ್ಸಾಗಿರಲಿಲ್ಲ. ಸಿಕ್ಕಿಬಿದ್ದರೆ ಅವರೂ ಸಭೆಯ ಮುಂದೆ ನಿಲ್ಲಬೇಕು. ಅಂಗಿ ಹೊಲಿದರೂ ಅದಕ್ಕೆ ಗುಂಡಿ ಇಡುವಷ್ಟು ಎದೆಗಾರಿಕೆ ಅಮ್ಮನಿಗಿಲ್ಲ. ಹಾಗಾದರೆ ಅಕ್ಕನೇ?

ಅಂಗಿ ತೊಟ್ಟು ಲಾಡಿ ಕಟ್ಟಿಕೊಂಡೆ. ಬೆರಳುಗಳು ಮರೆತಿರಲಿಲ್ಲ.

"ಶನಿವಾರ ಬರ್ತೀಯಾ ಹಾಗಾದ್ರೆ?" ಎಂದಳು ರೇಡಿಯೋ.

"ಬರ್ತೀನಿ."

ಗುಂಡಿಯೊಂದನ್ನು ಎಳೆದು ನೋಡಿದೆ. ಜಗ್ಗಲಿಲ್ಲ. ಬಟ್ಟೆ ಹೊಲಿಯುವ ದಾರವಲ್ಲ ಅದು. ಮೇಣ ಸವರಿದ ದಪ್ಪ ದಾರ, ಎರಡು ಸೂಜಿಗಳು ಎದುರುಬದುರು ಹಾಯ್ದ ಹೊಲಿಗೆ, ಮೂಗಿಗೆ ತಂದರೆ ಚರ್ಮದ ವಾಸನೆ. ನಮ್ಮ ಮನೆಯಲ್ಲಿ ಬೂಟು ಹೊಲಿಯುವ ಕೈ ಒಂದೇ.

ಅಪ್ಪ.