ನಕ್ಷೆಯ ಮೇಲಿನ ಕೆಂಪು ಚುಕ್ಕೆಗಳು

ದೋಣಿ ನಿಲ್ಲುವ ಹಳೇ ಧಕ್ಕೆ ಮುಂದಿನ ಐವತ್ತು ವರ್ಷ ಹೇಗಿರಬೇಕೆಂದು ಊರವರೇ ಕೂತು ತೀರ್ಮಾನಿಸುತ್ತಾರಂತೆ ಎಂಬ ಸುದ್ದಿ ಕೇಳಿದಾಗಲೇ ದೋಣಿ ರಿಪೇರಿಯವಳ ಕಿವಿ ನೆಟ್ಟಗಾಯಿತು. ಇದರಲ್ಲಿ ಏನೋ ಮಸಲತ್ತಿದೆ. ನಾಳೆಯ ನಲ್ಲಿ ನೀರಿನ ವಿಷಯಕ್ಕೇ ಜುಟ್ಟು ಹಿಡಿದು ಜಗಳಾಡುವ ಜನ ಐವತ್ತು ವರ್ಷದ ಮಾತಾಡುತ್ತಾರೆಂದರೆ, ಯಾರದೋ ಬುಡಕ್ಕೆ ಬಿಸಿನೀರು ಕಾಯುತ್ತಿದೆ ಎಂದೇ ಅರ್ಥ.

ಆ ಬುಡ ತನ್ನದೇ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಧಕ್ಕೆಯ ಕಲ್ಲುಕಟ್ಟೆಗೆ ಆತುಕೊಂಡಿದ್ದ ತಗಡಿನ ಶೆಡ್ಡು ಮಾವನ ಕಾಲದ್ದು. ಗಂಡ ಹೋದ ಮೇಲೆ ಅಲ್ಲೇ ದೋಣಿಗಳ ಬಿರುಕು ಮುಚ್ಚುತ್ತ ಅವಳು ಹೊಟ್ಟೆ ಹೊರೆಯುತ್ತಿದ್ದಳು. ಸಭೆಯ ಯಜಮಾನಿಕೆ ವಹಿಸಿದ್ದವಳೋ, ಗಂಡನ ತಂಗಿ. ಅಪ್ಪನ ಶೆಡ್ಡು ಅತ್ತಿಗೆಯ ಪಾಲಾದದ್ದು ನಾದಿನಿಯ ಹೊಟ್ಟೆಯಲ್ಲಿ ಇನ್ನೂ ಕುದಿಯುತ್ತಿದೆ ಎಂದು ಇವಳ ಲೆಕ್ಕ. ನಾದಿನಿ ಒಮ್ಮೆಯೂ ಹಾಗೆ ಅಂದಿರಲಿಲ್ಲ. ಅನ್ನದೇ ಇದ್ದದ್ದೇ ಅನುಮಾನಕ್ಕೆ ಇಂಬು ಕೊಟ್ಟಿತ್ತು.

"ಅತ್ತಿಗೆ, ಬೆಳಿಗ್ಗೆನೇ ಬನ್ನಿ. ಮೊದಲು ಎಲ್ಲಾ ಬಿಡಿಸಿ ಹೇಳ್ತೀವಿ," ಎಂದು ನಾದಿನಿ ಬಾಗಿಲಿಗೆ ಬಂದು ಕರೆದಿದ್ದಳು.

ಕರೆದಳೆಂದೇ ಇವಳು ಬೇಕಂತ ತಡಮಾಡಿ ಹೋದಳು. ಶಾಲೆಯ ಹಾಲಿನಲ್ಲಿ ಜನ ಊಟಕ್ಕೆ ಎದ್ದಿದ್ದರು. ಗೋಡೆಯ ಮೇಲೆ 'ಧಕ್ಕೆಗೆ ಧಕ್ಕೆಯಾಗದಿರಲಿ' ಎಂಬ ಬ್ಯಾನರು. ಉದ್ದನೆಯ ಮೇಜಿನ ಮೇಲೆ ನಕ್ಷೆ: ಕಟ್ಟೆ, ದೀಪಸ್ತಂಭ, ಗೋದಾಮು, ಮರಗಳು. ಎಲ್ಲೆಲ್ಲೂ ಹಸಿರು, ಕೆಂಪು ಅಂಟುಚುಕ್ಕೆಗಳು. ಅವಳ ಶೆಡ್ಡಿನ ಮೇಲಂತೂ ಕೆಂಪಿನ ಜಾತ್ರೆಯೇ ನೆರೆದಿತ್ತು.

ಮೇಲಿನ ಬೀದಿ ಅಗಲ ಮಾಡುವಾಗ ಸರ್ಕಾರದವರು ಮನೆಗೋಡೆಗಳಿಗೆ ಬಳಿದದ್ದು ಇದೇ ಕೆಂಪು. ಬಳಿದ ಮನೆ ಒಂದೂ ಉಳಿಯಲಿಲ್ಲ. ಯಾರನ್ನಾದರೂ ಕೇಳಬಹುದಿತ್ತು, ಕೇಳಿ ಸಣ್ಣವಳಾಗಲು ಮನಸ್ಸಿರಲಿಲ್ಲ. ಆಚೀಚೆ ನೋಡಿ, ಉಗುರಿನಿಂದ ಒಂದೊಂದೇ ಚುಕ್ಕೆ ಕಿತ್ತು, ಉಂಡೆ ಮಾಡಿ ಕಿಟಕಿಯಾಚೆ ಎಸೆದಳು. ಇಷ್ಟು ಜನಕ್ಕೆ ನಾನೇನು ಅನ್ಯಾಯ ಮಾಡಿದ್ದೆ ಎಂದು ಅಳು ಉಕ್ಕಿ ಬಂತು.

ಊಟವಾದ ಮೇಲೆ ನಕ್ಷೆ ಬರೆಯುವ ಇಂಜಿನಿಯರಮ್ಮ ಕೋಲು ಹಿಡಿದು ನಿಂತರು. "ಬೆಳಿಗ್ಗೆ ಹೇಳಿದ ಹಾಗೆ, ಕೆಂಪು ಅಂದ್ರೆ ಯಾರೂ ಕೈ ಹಚ್ಚಬಾರದು, ಇದ್ದ ಹಾಗೇ ಇರಬೇಕು. ಹಸಿರು ಅಂದ್ರೆ ಬದಲಾಯಿಸಬಹುದು. ದೀಪಸ್ತಂಭಕ್ಕೆ ಕೆಂಪು, ಕಟ್ಟೆಗೂ ಕೆಂಪು. ಈ ಶೆಡ್ಡು... ಯಾರಿಗೂ ಬೇಡ ಅನ್ಸುತ್ತೆ. ತೆಗೆದು ಮರ ನೆಡೋಣ್ವಾ?"

ನಾದಿನಿ ದಡಕ್ಕನೆ ಎದ್ದಳು. "ಯಾರಿಗೂ ಬೇಡ್ವಾ? ಮೊದಲ್ನೇ ಚುಕ್ಕೆ ಅಂಟಿಸಿದ್ದೇ ನಾನು! ಆಮೇಲೆ ದೋಣಿಯವರೆಲ್ಲ ಸಾಲಾಗಿ ಬಂದು ಅಂಟಿಸಿದ್ರು. ಯಾರೋ ಕಿತ್ತಿದ್ದಾರೆ." ಅವಳ ಕಣ್ಣು ಹೋಟೆಲಿನವನ ಮೇಲೆ ನೆಟ್ಟಿತು. ಶೆಡ್ಡಿನ ಪಕ್ಕದಲ್ಲೇ ಅವನ ಹೋಟೆಲು. ಕುರ್ಚಿ ಹಾಕಲು ಜಾಗವಿಲ್ಲವೆಂದು ಸದಾ ಗೊಣಗುವವನು. "ಊಟಕ್ಕೆ ಕೊನೇಲಿ ಎದ್ದಿದ್ದು ನೀನೇ ಅಲ್ವೇನಯ್ಯ?"

"ನಾನು ಮುಟ್ಟಿಲ್ಲಕ್ಕಾ! ನಾನೂ ಒಂದು ಕೆಂಪು ಅಂಟಿಸಿದ್ದೆ!" ಹೋಟೆಲಿನವನು ಎದ್ದು ನಿಂತ. ಯಾರೂ ನಂಬಲಿಲ್ಲ.

ದೋಣಿ ರಿಪೇರಿಯವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತುಟಿ ಬಿಚ್ಚದಿದ್ದರೂ ಶೆಡ್ಡಿಗೆ ಭಯವಿಲ್ಲ, ಚುಕ್ಕೆ ಮತ್ತೆ ಅಂಟಿಸಿದರಾಯಿತು. ಅವನ ಮರ್ಯಾದೆ ಹೋಗುತ್ತದೆ, ತನ್ನದು ಉಳಿಯುತ್ತದೆ. ಹಾಗೆ ಯೋಚಿಸಿದ್ದಕ್ಕೇ ನಾಚಿಕೆಯಾಗಿ ಅವಳು ಎದ್ದು ನಿಂತಳು.

"ಅವನಲ್ಲ. ಕಿತ್ತಿದ್ದು ನಾನು," ಎಂದಳು. "ಕೆಂಪು ಅಂದ್ರೆ ಕೆಡವೋದು ಅಂದ್ಕೊಂಡೆ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಾದಿನಿ ನಗಲಿಲ್ಲ.

"ಅಷ್ಟೂ ಜನ ಕೆಡವೋಕೆ ಹೇಳಿದ್ದಾರೆ ಅಂದ್ಕೊಂಡ್ರಾ, ಅತ್ತಿಗೆ? ನಾನೂನಾ?"

"ನೀನೇ ಮೊದಲು ಅಂಟಿಸಿರ್ತೀಯ ಅಂದ್ಕೊಂಡೆ."

ನಾದಿನಿ ಕೆಂಪು ಚುಕ್ಕೆಗಳ ಹಾಳೆಯನ್ನು ಅವಳ ಮುಂದಿಟ್ಟಳು.

"ಹಾಗಾದ್ರೆ ಈಗ ನೀವೇ ಅಂಟಿಸ್ಕೊಳ್ಳಿ," ಎಂದು ಹೇಳಿ ಹೊರಗೆ ಹೋದಳು.