ಬಲಮೂಲೆಯ ಕಪ್ಪು ಮನೆ

ಲಿಫ್ಟ್ ನಡೆಸುವವನಿಗೆ ಹೆಚ್ಚು ಮಾತು ಬೇಕಾಗುವುದಿಲ್ಲ. "ಎಷ್ಟನೇ ಮಹಡಿ, ಸಾರ್?" ಅಂದರೆ ಮುಗಿಯಿತು, ಉಳಿದದ್ದನ್ನು ಹಿತ್ತಾಳೆಯ ಹಿಡಿ ನೋಡಿಕೊಳ್ಳುತ್ತದೆ. ಹೀಗೆ ಮೂವತ್ತೊಂದು ವರ್ಷ ಒಂದು ದೊಡ್ಡ ಹೋಟೆಲಿನಲ್ಲಿ ಹತ್ತಿ ಇಳಿದು ನಿವೃತ್ತನಾದ ಮನುಷ್ಯ ಈಗ ಮೂರನೇ ಮಹಡಿಯ ಒಂದೂವರೆ ಕೋಣೆಯಲ್ಲಿ ಒಬ್ಬನೇ ಇದ್ದ. ಆ ಕಟ್ಟಡಕ್ಕೆ ಲಿಫ್ಟೇ ಇರಲಿಲ್ಲ ಅನ್ನುವುದು ಬೇರೆ ಮಾತು. ಮದುವೆಯ ಗೋಜಿಗೆ ಹೋದವನಲ್ಲ. ಕೆಲವು ದಿನ ಸಂಜೆಯಾದ ಮೇಲೆ, ಬೆಳಗಿನಿಂದ ತಾನು ಒಂದೇ ಒಂದು ಮಾತೂ ಆಡಿಲ್ಲ ಎಂದು ಹೊಳೆದು ಅವನಿಗೆ ಸಂಕಟವಾಗುತ್ತಿತ್ತು.

ಅವನ ಆಸ್ತಿ ಎಂದರೆ ಮೂರು ಬಿಸ್ಕತ್ತಿನ ಡಬ್ಬ. ಹೋಟೆಲಿನ ಲಿಫ್ಟಿನೊಳಗೆ ಹೊಗೆ ಬಿಡುವಂತಿರಲಿಲ್ಲ. ದೊಡ್ಡ ಮನುಷ್ಯರು ತಮ್ಮ ದಪ್ಪ ಸಿಗಾರುಗಳನ್ನು ಬಾಗಿಲ ಪಕ್ಕದ ಮರಳಿನ ಡಬ್ಬದಲ್ಲಿ ಚುಚ್ಚಿ ಒಳಗೆ ಬರುತ್ತಿದ್ದರು. ಪ್ರತಿ ಸಿಗಾರಿನ ಸೊಂಟಕ್ಕೂ ಒಂದು ಕಾಗದದ ಪಟ್ಟಿ: ಕೆಂಪು, ಕಪ್ಪು, ಬಿಳಿ, ಮೇಲೆ ಚಿನ್ನದ ಬಣ್ಣದಲ್ಲಿ ಉಬ್ಬಿನಿಂತ ಕಿರೀಟ, ಸಿಂಹ, ಪದಕ. ಎಸೆಯಲು ಮನಸ್ಸಾಗದೆ ಅವನ್ನು ಬಿಡಿಸಿ ಜೇಬಿಗೆ ಹಾಕಿಕೊಂಡು ತಂದು ಬಿಸ್ಕತ್ತಿನ ಡಬ್ಬಗಳಲ್ಲಿ ತುಂಬುತ್ತಿದ್ದ. "ಇದನ್ನಿಟ್ಕೊಂಡು ಏನಾದ್ರೂ ಮಾಡೋ ಮೊಂಡ, ಸುಮ್ನೆ ಪೇರಿಸಿಡ್ಬೇಡ" ಎಂದು ಅಕ್ಕ ಒಮ್ಮೆ ಹೇಳಿದ್ದಳು. ಮೊಂಡ ಅನ್ನುವುದು ಅವಳಿಟ್ಟ ಹೆಸರು. ಸುಳ್ಳು ಹೆಸರೇನಲ್ಲ.

ಚದುರಂಗ ಕಲಿಸಿದವಳೂ ಅಕ್ಕನೇ. ಅವನಿಗೆ ಏಳು, ಅವಳಿಗೆ ಹನ್ನೊಂದು. ಎಲ್ಲೋ ಸಿಕ್ಕಿದ, ಮೊದಲ ಹಾಳೆ ಹರಿದುಹೋಗಿದ್ದ ಪುಸ್ತಕ ಓದಿ ಹೇಳಿಕೊಟ್ಟಿದ್ದಳು. ಮಣೆಯನ್ನು ಹೇಗೆ ಇಡಬೇಕು ಎಂಬುದು ಆ ಹರಿದ ಹಾಳೆಯಲ್ಲಿತ್ತೋ ಏನೋ. ಆಡುವವರ ಬಲಗೈ ಮೂಲೆಯ ಮನೆ ಬಿಳಿಯಿರಬೇಕು, ಇವರು ಕಪ್ಪು ಇಟ್ಟುಕೊಂಡು ಆಡಿದರು. ಅವಳ ಮದುವೆಯಾದ ಮೇಲೂ ಭಾನುವಾರಕ್ಕೊಂದು ಆಟ ತಪ್ಪಲಿಲ್ಲ. ಗೆಲ್ಲುತ್ತಿದ್ದವಳು ಹೆಚ್ಚಾಗಿ ಅವಳೇ.

ಎಂಟು ವರ್ಷದ ಹಿಂದೆ, ಹೋಟೆಲಿನಲ್ಲಿ ಇಬ್ಬರು ಅತಿಥಿಗಳು ಆಡುವುದನ್ನು ನೋಡಿ ಇವನಿಗೆ ಜ್ಞಾನೋದಯವಾಯಿತು. ತಡೆದುಕೊಳ್ಳುವ ಜಾತಿಯೇ ಅಲ್ಲ. ಸಮವಸ್ತ್ರದಲ್ಲೇ ಅಕ್ಕನ ಮನೆಗೆ ಹೋಗಿ, ನೆರೆದ ನೆಂಟರ ಮುಂದೆ, "ನೀನು ಕಲಿಸಿದ್ದೇ ತಪ್ಪು. ಇಷ್ಟು ವರ್ಷ ನೀನು ಗೆದ್ದಿದ್ದು ಯಾವುದೂ ಲೆಕ್ಕಕ್ಕಿಲ್ಲ" ಎಂದು ನಕ್ಕ. ನೆಂಟರೂ ನಕ್ಕರು. ಅಕ್ಕ ಕಾಯಿಗಳನ್ನು ಚೀಲಕ್ಕೆ ತುಂಬಿ ದಾರ ಬಿಗಿದಳು. ಅವಳಾಗಿಯೇ ಕರೆಯಲಿ ಎಂದು ಇವನು, ಇವನಾಗಿಯೇ ಬರಲಿ ಎಂದು ಅವಳು. ಇಷ್ಟಕ್ಕೆ ಎಂಟು ವರ್ಷವೇ ಎಂದು ನೀವು ಕೇಳಬಹುದು. ಒಡಹುಟ್ಟಿದವರ ಜಗಳಕ್ಕೆ ಇಷ್ಟೂ ಬೇಕಾಗಿಲ್ಲ.

ನಿವೃತ್ತನಾದ ಮೇಲೆ, ಬಾಯಲ್ಲಿ ಬಾರದ ಮಾತನ್ನು ಅವನು ಕೈಯಲ್ಲಿ ಮಾಡಲು ಹೊರಟ. ಕೆಳಗಿನ ಅಂಗಡಿಯ ಬಡಗಿಯಿಂದ ಒಂದು ಹಲಗೆ, ನಾಲ್ಕು ಕಾಲು, ಪೇಟೆಯಿಂದ ಒಂದು ಜೊತೆ ಚದುರಂಗದ ಕಾಯಿ ತಂದ. ಪಟ್ಟಿಗಳನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಹಳೆಯ ಪತ್ರಿಕೆಗಳ ನಡುವೆ ಒತ್ತಿ ಒಣಗಿಸಿದ. ಚದುರಂಗದ ಒಂದೊಂದು ಮನೆಗೆ ಐದರಂತೆ ಹಲಗೆಯ ಮೇಲೆ ಮೈದಾ ಅಂಟಿನಲ್ಲಿ ಕೂರಿಸಿದ. ಕಪ್ಪು ಕೆಂಪಿನವು ಕಪ್ಪು ಮನೆಗೆ, ಬಿಳಿಯವು ಬಿಳಿ ಮನೆಗೆ, ಅಳಿದುಳಿದವು ಅಂಚಿಗೆ. ಎದುರುಬದುರು ಎರಡು ಖಾನೆ, ಹೊಡೆದ ಕಾಯಿ ಹಾಕಿಕೊಳ್ಳಲು. ಖಾನೆಯಿದ್ದ ಕಡೆಯೇ ಕೂರಬೇಕು. ಕೂತರೆ ಬಲಮೂಲೆ ಕಪ್ಪು.

ಬಡಗಿ ಬಂದು ನೋಡಿ ತಲೆ ಕೆರೆದುಕೊಂಡ. "ಅಣ್ಣಾ, ಮೂಲೆ ಬಿಳಿ ಇರ್ಬೇಕಲ್ವಾ?"

"ಗೊತ್ತು."

"ಗೊತ್ತಿದ್ದೂ ಹೀಗೆ ಮಾಡಿದ್ರಾ?"

"ಗೊತ್ತಿದ್ದೇ ಮಾಡಿದ್ದು."

"ಸರಿ, ನಿಮ್ಮಿಷ್ಟ. ವಾರ್ನಿಷ್ ಎರಡೇ ಸಲ ಹೊಡೀರಿ. ಜಾಸ್ತಿ ಆದ್ರೆ ಆ ಉಬ್ಬು ಕೆಲಸ ಎಲ್ಲಾ ಮುಳುಗೋಗತ್ತೆ."

ಹಿತ್ತಾಳೆ ಉಜ್ಜಿ ಅಭ್ಯಾಸವಾದ ಕೈ ಎರಡಕ್ಕೆ ನಿಲ್ಲುತ್ತದೆಯೇ? ಏಳು ಸಲ ಹೊಡೆದ. ನಡುನಡುವೆ ಮರಳುಕಾಗದದಲ್ಲಿ ತಿಕ್ಕಿದ. ಕಿರೀಟ, ಸಿಂಹಗಳೆಲ್ಲ ಗಾಜಿನಡಿ ಇದ್ದಂತೆ ಹೊಳೆದವು. ಆಮೇಲೆ ಅಕ್ಕನಿಗೆ ಕಾಗದ ಬರೆದ: "ಮೇಜು ಮಾಡಿದ್ದೇನೆ. ಬಂದು ನೋಡಿಹೋಗು." ವಾರದ ಮೇಲೆ ಉತ್ತರ ಬಂತು. "ಅಮ್ಮ ಬುಧವಾರ ಬರುತ್ತಾಳೆ." ಅಕ್ಷರ ಅಕ್ಕನ ಮಗಳದು. ತಾನೇ ಒಂದು ಸಾಲು ಬರೆಯಲೂ ಅಕ್ಕನ ಕೈ ಏಳಲಿಲ್ಲವೇ ಎಂದು ಅವನಿಗೆ ಚುರುಕ್ಕೆಂದಿತು.

ಬುಧವಾರ ಮಧ್ಯಾಹ್ನ ಮಗಳು ತಾಯಿಯ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದಳು. ಮಂಡಿನೋವಿರಬೇಕು ಅಂದುಕೊಂಡ. "ನಾಲ್ಕಕ್ಕೆ ಬರ್ತೀನಿ ಮಾವ" ಎಂದು, ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ ಅವಳು ಹೋದಳು. ಅಕ್ಕ ಎರಡೂ ಅಂಗೈಯನ್ನು ಮೇಜಿನ ಮೇಲೆ ಆಡಿಸಿದಳು.

"ನುಣ್ಣಗಿದೆ ಕಣೋ."

"ನುಣುಪು ಹಾಗಿರ್ಲಿ, ಮೂಲೆ ನೋಡು."

"ಕಂಡಿದ್ರೆ ನೋಡ್ತಿರ್ಲಿಲ್ವಾ?" ಅಕ್ಕ ಸಾವಧಾನವಾಗಿ ಹೇಳಿದಳು. "ಎರಡು ವರ್ಷ ಆಯ್ತು. ಕಿಟಕಿ ಯಾವ ಕಡೆ ಇದೆ ಅಂತ ಗೊತ್ತಾಗತ್ತೆ, ಅಷ್ಟೇ."

ಎರಡು ವರ್ಷ! ಯಾರೂ ಹೇಳಲಿಲ್ಲ ಅನ್ನೋಣವೆಂದರೆ, ತಾನಾದರೂ ಕೇಳಿದ್ದನೇ? ಅಕ್ಕನ ಬೆರಳುಗಳು ಇನ್ನೂ ಏನನ್ನೋ ಹುಡುಕುತ್ತಿದ್ದವು. ಬಡಗಿಯ ಮಾತು ಕೇಳಿದ್ದರೆ ಕಪ್ಪು ಪಟ್ಟಿಯ ದೊಡ್ಡ ಕಿರೀಟವಾದರೂ ಬೆರಳಿಗೆ ಸಿಗುತ್ತಿತ್ತು. ಏಳು ಪದರದ ಕೆಳಗೆ ಎಲ್ಲವೂ ಮುಳುಗಿತ್ತು. ಇನ್ನು ಬಾಯಿ ಬಿಡದೆ ಗತಿಯಿರಲಿಲ್ಲ.

ಅವಳ ತೋರುಬೆರಳನ್ನು ಹಿಡಿದು ಮೂಲೆಗೆ ತಂದಿಟ್ಟ. "ಬಲಮೂಲೆ ಕಪ್ಪು, ಅಕ್ಕ. ನೀನು ಹೇಳಿಕೊಟ್ಟ ಹಾಗೇ ಮಾಡಿದೀನಿ." "ಅವತ್ತು ಅಷ್ಟು ಜನರ ಮುಂದೆ ನಾನು ಹಾಗನ್ಬಾರ್ದಿತ್ತು. ತಪ್ಪಾಯ್ತು."

ಅಕ್ಕ ಬೆರಳು ತೆಗೆಯಲಿಲ್ಲ. "ಹಾಗಾದ್ರೆ ನಾನು ಗೆದ್ದಿದ್ದು?" ಎಂದಳು.

"ಎಲ್ಲಾ ಗೆದ್ದ ಹಾಗೇ."

"ಸರಿ, ಕಾಯಿ ಜೋಡ್ಸು. ನಡೆಸಿದ್ದನ್ನ ಬಾಯಿಬಿಟ್ಟು ಹೇಳ್ಬೇಕು. ಕಳ್ಳಾಟ ಆಡ್ಬೇಡ."

ಅವನು ಕುದುರೆ ಎತ್ತಿಟ್ಟು, ಅಭ್ಯಾಸಬಲದಿಂದ, "ಕುದುರೆ, ಮೂರನೇ ಮಹಡಿ" ಎಂದುಬಿಟ್ಟ. ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇಡೀ ಮಣೆ ಅವಳ ತಲೆಯಲ್ಲಿತ್ತು, ಒಂದು ಕಾಯಿಯೂ ಮರೆಯಲಿಲ್ಲ. ಆ ಕೋಣೆಯಲ್ಲಿ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು.

ಆಟ ಮುಗಿಯುವ ಮೊದಲೇ ನಾಲ್ಕಾಯಿತು. ಮಗಳು ಬಂದಳು. "ಮತ್ತೆ ಯಾವಾಗ?" ಎಂದು ಕೇಳಿದ. "ಮೆಟ್ಟಿಲು ಜಾಸ್ತಿ ಮಾವ, ನೋಡೋಣ" ಎಂದಳು ಅವಳು. ಅಕ್ಕ ಮಗಳ ತೋಳು ಹುಡುಕಿ ಹಿಡಿದು ಎದ್ದಳು. ಅವರು ಹೋದ ಮೇಲೆ ಕೋಣೆ ಮೊದಲಿಗಿಂತ ದೊಡ್ಡದಾಗಿ ಕಂಡಿತು. ಎದುರಿನ ಕುರ್ಚಿಯನ್ನು ನೋಡುತ್ತ ನಿಂತ. ಮುಂದಿನ ನಡೆ ಅವನದಾಗಿತ್ತು.

ಒಂಟೆಯನ್ನು ಎತ್ತಿಟ್ಟವನೇ ಹೊರಗೋಡಿ, ಮೆಟ್ಟಿಲ ಕಟಾಂಜನದ ಮೇಲೆ ಬಗ್ಗಿದ. ಅವರಿನ್ನೂ ಒಂದನೇ ಮಹಡಿಯ ತಿರುವಿನಲ್ಲಿದ್ದರು.

"ಅಕ್ಕಾ! ಒಂಟೆ, ಎಡಗಡೆಯದು, ಐದನೇ ಮಹಡಿ!"

ಕೆಳಗೆ ಹೆಜ್ಜೆ ನಿಂತಿತು. ಅಕ್ಕ ತಲೆಯೆತ್ತಿದಳು, ಅವನಿದ್ದ ಕಡೆಗಲ್ಲ, ಕಿಟಕಿಯ ಬೆಳಕಿನ ಕಡೆಗೆ.

"ಅಲ್ಲೇ ಇಟ್ಟಿರು, ಮೊಂಡ. ಬಂದು ಹೊಡೀತೀನಿ."