ಎರಡನೆಯ ಬಾಣ

ಚಳಿ ಬಿಡುತ್ತಿದ್ದ ದಿನಗಳು. ಕಲ್ಲುಗಣಿಯಲ್ಲಿ ಬೆಳಗಿನಿಂದಲೇ ಉಳಿ ಸುತ್ತಿಗೆಗಳ ಸದ್ದು ಎದ್ದಿತ್ತು. ಪಕ್ಕದ ತಗಡಿನ ಶೆಡ್ಡಿನಲ್ಲಿ ಸುತ್ತಲಿನ ಗಣಿಗಳ ಒಂಬತ್ತು ಜನ ಮೇಸ್ತ್ರಿಗಳು ಕೈಗಂಟಿದ ಪುಡಿ ಒರೆಸಿಕೊಳ್ಳುತ್ತ ಬೆಂಚುಗಳ ಮೇಲೆ ಕೂತಿದ್ದರು. ಭಾರ ಎತ್ತಿಸುವವರಿಗೆಲ್ಲ ಅಂದು ಪರೀಕ್ಷೆ. ಪಾಸಾಗದವನು ಇನ್ನು ಮೇಲೆ ರಾಟೆಯ ಹತ್ತಿರ ನಿಂತು ಹುಕುಂ ಕೊಡುವಂತಿಲ್ಲ.

ಪಾಠ ಹೇಳಿದವಳೇ ಪರೀಕ್ಷೆ ಮಾಡುವವಳು. ಆರು ವರ್ಷದ ಹಿಂದೆ ಪಕ್ಕದ ಈ ಗಣಿಯಲ್ಲೇ, ಹತ್ತು ಕ್ವಿಂಟಲ್ ಕಲ್ಲು ಎತ್ತುವಾಗ ರಾಟೆ ಕಟ್ಟಿದ್ದ ತೊಲೆ ಮುರಿದು ಅವಳ ಅಣ್ಣನ ಸೊಂಟದ ಮೇಲೆ ಬಿದ್ದಿತ್ತು. 'ಹದಿನೈದು ಕ್ವಿಂಟಲ್ ತಡೆಯೋ ತೊಲೆ ಅದು. ಅವನು ಮೈಮೇಲೆ ಬಂದವನ ಹಾಗೆ ಜಗ್ಗಿದ, ಮುರೀತು' ಎಂದು ಮೇಸ್ತ್ರಿ ಊರೆಲ್ಲ ಹೇಳಿಕೊಂಡು ಬಂದ. ಎಷ್ಟು ಸಲ ಹೇಳಿದನೆಂದರೆ ಅಣ್ಣನೂ ಅದನ್ನೇ ನಂಬಿದ. ಊಟಕ್ಕೆ ಕೂತಾಗಲೂ ಅಂಗೈ ನೋಡಿಕೊಂಡು 'ಹಾಳು ಕೈ' ಎನ್ನುತ್ತಿದ್ದ. ಅದನ್ನು ಕೇಳಿ ಕೇಳಿಯೇ ಅವಳು ಓದಿದ್ದು.

ಆ ಮೇಸ್ತ್ರಿ ಈಗ ಕೊನೆಯ ಬೆಂಚಿನಲ್ಲಿದ್ದ. ರಾಟೆಯ ಪಾಠದ ದಿನ ಅವನು ಬಂದಿರಲಿಲ್ಲ. ತಿಂಗಳ ಹಿಂದೆ ಅವನ ನೋಟುಬುಕ್ಕು ತಿದ್ದುವಾಗ ಅವಳು ನೋಡಿದ್ದಳು: ರಾಟೆಯ ಚಿತ್ರ, ಭಾರ ತೋರಿಸಲು ಕೆಳಮುಖವಾಗಿ ಒಂದೇ ಬಾಣ. ಕೆಂಪು ಪೆನ್ನು ತೆರೆದವಳು ಮತ್ತೆ ಮುಚ್ಚಳ ಹಾಕಿ, ಪುಟ ಮಗುಚಿದ್ದಳು. ಇವತ್ತು ಅಣ್ಣನನ್ನು ಕರೆಸಿ, ಊರುಗೋಲುಗಳ ಸಮೇತ ಬಾಗಿಲ ಬಳಿ ಕೂರಿಸಿದ್ದಳು.

"ಬನ್ನಿ ಮೇಸ್ತ್ರಿಗಳೇ. ಹತ್ತು ಕ್ವಿಂಟಲ್ ಕಲ್ಲು. ಹಗ್ಗ ರಾಟೆ ಮೇಲಿಂದ ಬಂದು ಕೆಳಗೆ ಆಳುಗಳ ಕೈಯಲ್ಲಿದೆ. ತೊಲೆಗೆ ಬೀಳೋ ಭಾರ ಎಷ್ಟು? ಚಿತ್ರ ಬರೆದು ಹೇಳಿ."

ಮೇಸ್ತ್ರಿ ಬೋರ್ಡಿನ ಮೇಲೆ ಒಂದು ಬಾಣ ಎಳೆದ. "ಹತ್ತೇ. ಇನ್ನೆಲ್ಲಿಂದ ಬರುತ್ತೆ ಟೀಚರಮ್ಮ? ಮೂವತ್ತು ವರ್ಷದಿಂದ ಎತ್ತಿಸ್ತಿದೀನಿ."

"ಒಂದೇ ಬಾಣ ಹಿಡ್ಕೊಂಡು ಬೇಟೆಗೆ ಹೊರಟ್ಯಾ ಮಾವ?" ಎಂದು ಮುಂದಿನ ಬೆಂಚಿನವನು ನಗಿಸಿದ.

ಅವಳು ನಗಲಿಲ್ಲ. ಸೂರಿನ ಪೈಪಿಗೆ ಸ್ಪ್ರಿಂಗ್ ತಕ್ಕಡಿ ತೂಗುಹಾಕಿ, ಅದರ ಕೊಕ್ಕೆಗೆ ಪುಟ್ಟ ರಾಟೆ ಸಿಕ್ಕಿಸಿದಳು. ರಾಟೆಯ ಮೇಲೆ ಹಾಯಿಸಿದ ಹಗ್ಗದ ಒಂದು ತುದಿಗೆ ಐದು ಕಿಲೋ ಕಲ್ಲು ಕಟ್ಟಿ, ಇನ್ನೊಂದನ್ನು ಅವನ ಕೈಗೆ ಕೊಟ್ಟಳು.

"ಕಲ್ಲು ಬೀಳದ ಹಾಗೆ ಹಿಡ್ಕೊಳ್ಳಿ, ಸಾಕು. ಜಗ್ಗಬೇಡಿ. ಮುಳ್ಳು ಎಲ್ಲಿದೆ?"

"ಹತ್ತು."

"ಕಲ್ಲು ಐದು. ಇನ್ನೈದು ಯಾರದ್ದು?"

ಮೇಸ್ತ್ರಿ ತನ್ನ ಕೈ ನೋಡಿಕೊಂಡ.

"ಆ ಕಡೆ ಕಲ್ಲು ಎಳೀತಿದೆ, ಈ ಕಡೆ ನೀವು ಅಷ್ಟೇ ಎಳೀತಿದೀರಿ. ಎರಡೂ ಬೀಳೋದು ರಾಟೆ ಮೇಲೆ. ರಾಟೆ ತೊಲೆನ ಎಷ್ಟು ಕೆಳಕ್ಕೆ ಎಳೆಯುತ್ತೋ ತೊಲೆ ರಾಟೆನ ಅಷ್ಟೇ ಮೇಲಕ್ಕೆ ಎಳೀತಿರಬೇಕು. ಆ ಶಕ್ತಿ ಇಲ್ಲದಿದ್ರೆ ಮುರಿಯುತ್ತೆ. ಹತ್ತು ಕ್ವಿಂಟಲ್ ಕಲ್ಲಿಗೆ ಎಷ್ಟಾಯ್ತು?"

"ಇಪ್ಪತ್ತು."

"ಅವತ್ತಿನ ತೊಲೆ ತಡೀತಿದ್ದದ್ದು?"

ಅವನು ಏನೋ ಗೊಣಗಿದ.

"ಗಟ್ಟಿಯಾಗಿ ಹೇಳಿ. ನಮ್ಮಣ್ಣನಿಗೆ ಕೇಳಿಸ್ಬೇಕು."

"ಹದಿನೈದು."

ಮೇಸ್ತ್ರಿ ಬೋರ್ಡಿನ ಕಡೆ ತಿರುಗಿ ಎರಡನೆಯ ಬಾಣ ಎಳೆದ. "ತಪ್ಪಾಯ್ತು ತಾಯಿ. ಈಗ ಸರಿಯಾಗಿ ಬರೆದ್ನಲ್ಲ, ಪಾಸು ಮಾಡಿ. ಈ ವಯಸ್ಸಲ್ಲಿ ಕಲ್ಲು ಹೊರೋಕಾಗಲ್ಲ."

"ನಮ್ಮಣ್ಣನಿಗೂ ಆಗಲ್ಲ." ಅವಳು ಅಂಕದ ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದೊಂದು ಸೊನ್ನೆ ಸುತ್ತಿ, ಅದರ ಮೇಲೇ ಇನ್ನೊಮ್ಮೆ ಸುತ್ತಿದಳು. ಆರು ವರ್ಷ ಕಾದಿದ್ದ ಸುಖ ಅದು. ಅಣ್ಣನ ಮುಖ ನೋಡಿದಳು.

ಅಣ್ಣ ಅಂಗೈ ಬಿಡಿಸಿಕೊಂಡು ನೋಡುತ್ತಿದ್ದ. ಆಮೇಲೆ ತಲೆ ಎತ್ತಿದ.

"ಇವನು ಇನ್ನೂ ಇದೇ ಲೆಕ್ಕ ಇಟ್ಕೊಂಡಿದಾನೆ ಅಂತ ನಿಂಗೆ ಯಾವಾಗ ಗೊತ್ತಾಯ್ತು ಪುಟ್ಟಿ?"

"ತಿಂಗಳಾಯ್ತು. ನೋಟುಬುಕ್ಕಲ್ಲಿ ನೋಡ್ದೆ."

"ತಿಂಗಳಿಂದ ಇವನ ತೊಲೆ ಕೆಳಗೆ ಯಾರ್ಯಾರು ನಿಂತಿದ್ರು, ಅದೂ ಗೊತ್ತಾ?"

ಅಣ್ಣ ಊರುಗೋಲು ಎಳೆದುಕೊಂಡು ಎದ್ದ.

"ನಡಿ ಮೇಸ್ತ್ರಿ, ನಿನ್ನ ತೊಲೆಗೆ ತೂಗ್ತಿರೋ ಕಲ್ಲನ್ನ ಮೊದ್ಲು ಇಳಿಸು. ನಿನ್ನ ಜೊತೆ ಮಾತು ಆಮೇಲೆ. ಇವಳ ಜೊತೆಗೂ."

ಇಬ್ಬರೂ ಗಣಿಯ ಕಡೆ ನಡೆದರು. ಅಣ್ಣನೇ ಮುಂದೆ. ಅವಳು ಪೆನ್ನಿನ ಮುಚ್ಚಳಕ್ಕಾಗಿ ಮೇಜೆಲ್ಲ ತಡಕಿದಳು. ಸೊನ್ನೆಯನ್ನು ಮಾತ್ರ ತಿದ್ದಲಿಲ್ಲ.